ಉಗುರುಬೆಚ್ಚಗಿನ ನೀರು

ನಮ್ಮ ಮನೆಗಳಲ್ಲಿ ಯಾರೂ ‘ಜ್ಞಾನಸ್ನಾನ’ ಅನ್ನುತ್ತಿರಲಿಲ್ಲ. ಅದು ಚರ್ಚಿನ ಸ್ವಾಮಿಗಳ ಬಾಯಿಯ ಮಾತು. ನಾವು ‘ನೀರು ಉಯ್ಸೋದು’ ಅನ್ನುತ್ತಿದ್ದೆವು. ಮಗೀಗೆ ನೀರು ಉಯ್ಸಿದ್ರಾ ಅಂತ ಒಬ್ಬರು ಕೇಳಿದರೆ, ಉಯ್ಸುದ್ವಿ ಅಂತ ಇನ್ನೊಬ್ಬರು. ಸ್ನಾನ ಅಂತ ಜಂಬದಿಂದ ಹೇಳಿಕೊಳ್ಳುವಷ್ಟು ನೀರೇನೂ ಅಲ್ಲಿ ಖರ್ಚಾಗುತ್ತಿರಲಿಲ್ಲ. ತಲೆಯ ಮೇಲಿಂದ ಒಂದಿಷ್ಟು ಹರಿದರೆ ಸಾಕು. ಆದರೆ ಹರಿಯಲೇಬೇಕು.

ಹನೂರಿನಾಚೆ ನನ್ನ ತವರೂರು. ಅಲ್ಲಿ ಉಪದೇಶಿಗಳು, ಅಂದರೆ ಸ್ವಾಮಿಗಳಿಲ್ಲದ ದಿನಗಳಲ್ಲಿ ಜಪ ಹೇಳಿಸಿ ಧರ್ಮದ ಪಾಠ ಮಾಡುವವರು, ಮದುವೆ ಗೊತ್ತಾದ ಹುಡುಗಿಯರನ್ನು ಕೂರಿಸಿಕೊಂಡು ಇದನ್ನು ಕಲಿಸುತ್ತಿದ್ದರು. ಸುಲಿದ ತೆಂಗಿನಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಅದಕ್ಕೆ ನೀರು ಹುಯ್ಯಬೇಕು. ಒದ್ದೆ ಕೈಯಲ್ಲಿ ಸವರಿದರೆ ಆಗದು. ನೀರು ಬೀಳುತ್ತಿರುವಾಗಲೇ ಮಾತು ಹೇಳಬೇಕು. ಮಗು ಸಾಯುವಂತಿದ್ದರೆ ಯಾರು ಹುಯ್ದರೂ ಸಲ್ಲುತ್ತದೆ, ಹಿಂದೂಗಳು ಹುಯ್ದರೂ ಸಲ್ಲುತ್ತದೆ, ಆದರೆ ಮಗುವಿನಲ್ಲಿ ಉಸಿರಿರಬೇಕು. ಹೆಣಕ್ಕೆ ಹುಯ್ದ ನೀರು ಬರೀ ನೀರು.

ಹಾಗೆ ನೀರು ಕಾಣದೆ ಹೋದ ಮಕ್ಕಳನ್ನು ಸಮಾಧಿ ಜಾಗದ ಬೇಲಿಯಾಚೆ, ನೇಣು ಹಾಕಿಕೊಂಡವರ ಪಕ್ಕ, ಶಿಲುಬೆ ನೆಡದೆ ಹೂಳುತ್ತಿದ್ದರು. ಅವು ದೇವರ ಮುಖ ನೋಡುವುದಿಲ್ಲ, ಸತ್ತ ಮೇಲೂ ತಾಯಿಗೆ ಸಿಗುವುದಿಲ್ಲ ಅಂತ ನಮಗೆ ಹೇಳಿಕೊಟ್ಟಿದ್ದರು. ಯಾವ ಗಂಡಸು ಕಟ್ಟಿದ ಲೆಕ್ಕವೋ ಅದು. ಆದರೂ ನಾನು ನಂಬಿದ್ದೆ.

ಮದುವೆಯಾಗಿ ಬಂದದ್ದು ಕೊಳ್ಳೇಗಾಲದ ನೇಕಾರರ ಬೀದಿಗೆ. ಊರಿನ್ನೂ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕಾಲ. ನನ್ನ ಗಂಡ ಪಕ್ಕದ ದೇವಾಂಗರ ಮನೆಯ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದರು. ಆ ಮನೆಯ ಹಿರಿಯ ಹೆಂಗಸನ್ನು ನಾನು ದೊಡ್ಡವ್ವ ಅನ್ನುತ್ತಿದ್ದೆ. ಬೀದಿಯ ಮುಕ್ಕಾಲು ಮಕ್ಕಳು ಅವಳ ಕೈಗೇ ಬಿದ್ದವು. ನನಗೆ ಅತ್ತೆಯಿರಲಿಲ್ಲ, ಚೊಚ್ಚಲಿಗೆ ತವರಿಗೆ ಹೋಗುವ ಮೊದಲೇ, ಎಂಟು ತಿಂಗಳಿಗೇ ನೋವು ಬಂತು.

ಹೆಣ್ಣುಮಗು. ಅಳಲಿಲ್ಲ, ಬೆಕ್ಕಿನ ಮರಿಯ ಹಾಗೆ ಒಮ್ಮೆ ಕುಂಯ್ ಅಂದಿತು. ತುಟಿ ನೀಲಿ. ಗಂಡ ಸ್ವಾಮಿಗಳನ್ನು ಕರೆತರಲು ಓಡಿದರು. ಮಾಸು ಇನ್ನೂ ಬಿದ್ದಿರಲಿಲ್ಲ, ನಾನು ಏಳುವಂತಿರಲಿಲ್ಲ, ಮಗು ನನ್ನ ಎದೆಯ ಮೇಲಿತ್ತು.

“ದೊಡ್ಡವ್ವ, ಇದರ ತಲೆಗೆ ನೀರು ಉಯ್ಯಿ. ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡ್ತೀನಿ ಅನ್ನು. ಬೇಗ,” ಅಂದೆ.

ಆಕೆ ಎರಡು ಸಲ ನನ್ನ ಬಾಯಿಂದ ಹೇಳಿಸಿಕೊಂಡಳು. ಬೇಡ ಅನ್ನಲಿಲ್ಲ, ನಮ್ಮ ದೇವರಲ್ಲ ಅನ್ನಲಿಲ್ಲ. ಚೊಂಬು ತಕ್ಕೊಂಡು ಅಡುಗೆಮನೆಗೆ ಹೋದಳು. ಹೋದವಳು ಬರಲಿಲ್ಲ. ಪುಳ್ಳೆ ಮುರಿಯುವ ಸದ್ದು, ಊದುಗೊಳವೆಯಲ್ಲಿ ಒಲೆ ಊದುವ ಸದ್ದು ಕೇಳಿತು.

“ದೊಡ್ಡವ್ವ, ಏನ್ ಮಾಡ್ತಾ ಇದ್ದೀಯೆ?”

“ಇರು ಕೂಸೇ, ತಣ್ಣೀರು ಉಯ್ದ್ರೆ ಮಗ ನಡುಗೋಯ್ತದೆ. ಒಸಿ ಬೆಚ್ಚಗಾಗ್ಲಿ.”

ತಣ್ಣೀರೇ ಸಾಕು ಅಂತ ಕೂಗಿದೆನೋ, ಕೂಗಿದೆ ಅಂದುಕೊಂಡೆನೋ. ನನ್ನ ಎದೆಗೆ ತಗಲುತ್ತಿದ್ದ ಆ ಸಣ್ಣ ಪಕ್ಕೆಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ಆಮೇಲೆ ಏಳಲಿಲ್ಲ.

ದೊಡ್ಡವ್ವ ಬಂದಳು. ಮುಂಗೈ ಮೇಲೆ ಎರಡು ತೊಟ್ಟು ಬಿಟ್ಟುಕೊಂಡು ಹದ ನೋಡಿದಳು. ಒಂದು ಕೈಯಲ್ಲಿ ಮಗುವಿನ ತಲೆ ಹಿಡಿದು, ಒಂದು ಮಾತೂ ತಪ್ಪದೆ ಹೇಳುತ್ತ ಹುಯ್ದಳು. ನೀರು ನೆತ್ತಿಯಿಂದ ಹರಿದು ನನ್ನ ಎದೆಯನ್ನೆಲ್ಲ ನೆನೆಸಿತು. ಆ ಹೊತ್ತಿನಲ್ಲಿ ಅವಳನ್ನು ಕೊಂದುಬಿಡುವಷ್ಟು ಸಿಟ್ಟು ನನಗೆ. ಚೊಂಬು ಕೆಳಗಿಟ್ಟು ಮಗುವಿನ ಮೂಗಿನ ಬಳಿ ಬೆರಳು ಹಿಡಿದಳು. ಗೊತ್ತಾಯಿತು ಅವಳಿಗೆ.

ಸಂಜೆ ಗಂಡ ಉಪದೇಶಿಗಳನ್ನು ಕರೆತಂದರು, ಸ್ವಾಮಿಗಳು ಹಳ್ಳಿಗಳ ಕಡೆ ಹೋಗಿದ್ದರು. ಉಪದೇಶಿಗಳು ಬಾಗಿಲಲ್ಲೇ ನಿಂತು ದೊಡ್ಡವ್ವನನ್ನು ಕೇಳಿದರು. ನೀರು ಎಲ್ಲಿ ಬಿತ್ತು? ಹರಿಯಿತಾ? ಮಾತು ಯಾವುದು, ಹೇಳಿ. ಅವಳು ಹೇಳಿದಳು. ಅವರಿಗೇ ಆಶ್ಚರ್ಯವಾದ ಹಾಗೆ ಕಂಡಿತು.

“ಹುಯ್ಯುವಾಗ ಉಸಿರಿತ್ತೇನಮ್ಮ?”

ಗಂಡ ನನ್ನ ಕಡೆ ತಿರುಗಿದರು. ನಾನು ದೊಡ್ಡವ್ವನನ್ನು ನೋಡಿದೆ. ಸಾಲದ ಮಾತಿಗೂ ಸೀರೆಯ ಮಾತಿಗೂ ಆಣೆ ಇಡದ ಹೆಂಗಸು ಅದು.

“ಇತ್ತು ಸಾ.”

“ನಿಜ ತಾನೆ? ಇದು ಆಟದ ಮಾತಲ್ಲ.”

“ನಮ್ಮ ಚೌಡವ್ವನ ಆಣೆಗೂ ಇತ್ತು. ನೀರು ಬಿದ್ದ ಮ್ಯಾಕೆ ಓಯ್ತು.”

ನಾನು ಬಾಯಿ ಬಿಡಲಿಲ್ಲ. ಅದಕ್ಕೆ ನನಗೆ ಇವತ್ತೂ ಪಶ್ಚಾತ್ತಾಪವಿಲ್ಲ, ಯಾವ ಸ್ವಾಮಿಗಳ ಮುಂದೆಯೂ ಮೊಣಕಾಲೂರಿ ಇದನ್ನು ಪಾಪ ಅಂತ ಹೇಳಿಕೊಂಡಿಲ್ಲ.

ಮಗುವನ್ನು ಬೇಲಿಯೊಳಗೆ, ಬಿಳಿ ಬಟ್ಟೆ ಸುತ್ತಿ, ಶಿಲುಬೆ ನೆಟ್ಟು ಹೂತರು. ನೋಡಲು ಬಂದ ನಮ್ಮವರದೆಲ್ಲ ಒಂದೇ ಮಾತು: ನೀರು ಉಯ್ಸ್ಕೊಂಡು ಹೋದ ಕೂಸು ದೇವದೂತ, ಅದಕ್ಕೆ ಅಳಬಾರದು. ಗಂಡನೂ ಹಾಗೇ ನಂಬಿ ಸಮಾಧಾನವಾಗಿದ್ದರು. ನನಗೆ ನಿಜ ಗೊತ್ತಿತ್ತು. ಎಲ್ಲರ ಎದುರು ಒಣಗಿದ ಕಣ್ಣಲ್ಲಿ ಕೂತಿದ್ದೆ.

ಬಾಣಂತಿಗೆ ನೀರೆರೆಯಲು ದೊಡ್ಡವ್ವನೇ ಬಂದಳು. ಮಗುವಿಲ್ಲದ ಬಾಣಂತನ. ಮೈಗೆ ಎಣ್ಣೆ ತಿಕ್ಕಿದಳು. ಎರಡು ಚೊಂಬು ಹುಯ್ದವಳು ನಿಲ್ಲಿಸಿದಳು.

“ಕೂಸೇ, ಒಂದು ಕೇಳ್ತೀನಿ. ನಿಮ್ಮಲ್ಲಿ ಅದ್ಕೆ ತಣ್ಣೀರು ಉಯ್ದಿದ್ರೂ ಆಯ್ತಿತ್ತಾ?”

ಕಾಯುತ್ತಿದ್ದ ಮಾತು. ಅವಳ ಮುಖಕ್ಕೆ ಉಗಿಯುವ ಹಾಗೆ ಹೇಳಬೇಕೆಂದು ದಿನಗಟ್ಟಲೆ ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಮಾತು. ತಿರುಗಿ ನೋಡಿದೆ. ಹಬೆಯಲ್ಲಿ ನಿಂತಿದ್ದ ಅವಳು ಮುಂದಿನ ಚೊಂಬಿನಿಂದ ಮುಂಗೈ ಮೇಲೆ ಎರಡು ತೊಟ್ಟು ಬಿಟ್ಟುಕೊಂಡು ಹದ ನೋಡುತ್ತಿದ್ದಳು.

“ಇಲ್ಲ ದೊಡ್ಡವ್ವ,” ಅಂದೆ. “ಬೆಚ್ಚಗೇ ಇರಬೇಕು.”

“ಅಂಗಾರೆ ಸರಿ ಬುಡು,” ಅಂದಳು.