ಸುನಂದಾಬಾಯಿ ಅಂಟಿಸಿದ ಚೀಟಿ

ಮಿರಜ ಮಾರ್ಕೆಟಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗುರುಸಿದ್ಧಪ್ಪ ಮಹಾ ಅನುಮಾನದ ಮನುಷ್ಯ. ಹಾಳಾದ ಹಾರ್ಡ್ ಡಿಸ್ಕ್ ತೆಗೆಯುವಾಗ ಅದರ ಸೀರಿಯಲ್ ನಂಬರನ್ನು ಮೂರು ಸಲ ಓದುತ್ತಿದ್ದ. ತೆಗೆದ ಮೇಲೆ, ಯಾರದೋ ಮನೆಯ ಫೋಟೋ ಬೀದಿಪಾಲಾಗಬಾರದೆಂದು ಡ್ರಿಲ್ಲಿನಿಂದ ತೂತು ಕೊರೆದೇ ಬಿಡುತ್ತಿದ್ದ. ಗಿರಾಕಿಗಳು ನಗುತ್ತಿದ್ದರು. ನಗಲಿ ಬಿಡಿ, ಇಪ್ಪತ್ತು ವರ್ಷದಲ್ಲಿ ಯಾರದೂ ಒಂದು ಫೋಟೋ ಕಳೆದಿರಲಿಲ್ಲ. ಆ ಜಂಬ ಅವನಿಗೆ ಬೇಕಾದಷ್ಟಿತ್ತು.

ಮನೆಯಲ್ಲಿ ಫೋಟೋ, ರೆಕಾರ್ಡಿಂಗು ಕೂಡಿಡಲು ಅವನದೂ ಒಂದು ಪೆಟ್ಟಿಗೆಯಿತ್ತು. ಒಳಗೆ ಎರಡು ಡಿಸ್ಕ್, ಎರಡರಲ್ಲೂ ಒಂದೇ ಸಂಗ್ರಹ. ಒಂದು ಕೆಟ್ಟರೆ ಅದರ ಜಾಗಕ್ಕೆ ಹೊಸದನ್ನು ಹಾಕಬೇಕು. ಉಳಿದದ್ದರಿಂದ ಎಲ್ಲವೂ ಅದಕ್ಕೆ ನಕಲಾಗುತ್ತದೆ. ಹೆಂಡತಿ ಸುನಂದಾಬಾಯಿ ಅವಕ್ಕೆ ೧, ೨ ಎಂದು ಬರೆದು ಚೀಟಿ ಅಂಟಿಸಿದ್ದಳು. ಒಳಗಿದ್ದದ್ದೂ ಹೆಚ್ಚಾಗಿ ಅವಳೇ: ಹೋಳಿಗೆ ಲಟ್ಟಿಸುತ್ತ, ಬೀಗರನ್ನು ಆಡಿಕೊಳ್ಳುತ್ತ, ಮರಾಠಿಯಲ್ಲೇ ಬೆಳೆದ ಮೊಮ್ಮಗಳು ಪ್ರಣಿತಾಳ ಕನ್ನಡ ತಿದ್ದುತ್ತ ಆಡಿದ ಹನ್ನೊಂದು ವರ್ಷದ ಮಾತಿನ ರೆಕಾರ್ಡಿಂಗು. ಯುಗಾದಿಯ ಹೊತ್ತಿಗೆ ಅವಳು ತೀರಿಕೊಂಡಳು. ಆ ದನಿ ಬೇರೆಲ್ಲೂ ಇರಲಿಲ್ಲ.

ಶ್ರಾವಣದಲ್ಲಿ ಪೆಟ್ಟಿಗೆಯ ಕೆಂಪು ದೀಪ ಹತ್ತಿತು. ಎರಡನೆಯ ಜಾಗದ ಡಿಸ್ಕ್ ಕೆಟ್ಟಿದೆ ಎಂದು ಪರದೆಯಲ್ಲಿ ಬಂತು. ಗುರುಸಿದ್ಧಪ್ಪ ಪೆಟ್ಟಿಗೆ ಬಂದ್ ಮಾಡಿ, ೨ ಎಂಬ ಚೀಟಿಯಿದ್ದ ಡಿಸ್ಕನ್ನು ಹೊರಗೆಳೆದ. ಸೀರಿಯಲ್ ನಂಬರ್ ಓದಲಿಲ್ಲ. ಅವಳು ಬರೆದದ್ದನ್ನು ಅನುಮಾನಿಸಲು ಮನಸ್ಸು ಬರಲಿಲ್ಲ, ಅಷ್ಟೇ. ರೂಢಿಯಂತೆ ತೂತು ಕೊರೆದು, ಹೊಸದನ್ನು ಹಾಕಿ, ಪೆಟ್ಟಿಗೆ ಚಾಲೂ ಮಾಡಿದ. ನಕಲು ಮಾಡಲು ಏನೂ ಸಿಗುತ್ತಿಲ್ಲ ಎಂದಿತು ಪರದೆ.

ಆಗ ನಂಬರ್ ಓದಿದ. ಕೆಟ್ಟ ಡಿಸ್ಕ್ ಒಳಗೇ ಕೂತಿತ್ತು. ತೂತು ಬಿದ್ದದ್ದು ಸರಿಯಿದ್ದ ಡಿಸ್ಕಿಗೆ. ಅದರ ಮೇಲೆ ವಿಭೂತಿಯ ಗೆರೆ ಇನ್ನೂ ಅಳಿಸಿರಲಿಲ್ಲ. ಹೋದ ಖಂಡೇನವಮಿಯ ಆಯುಧ ಪೂಜೆಗೆ, ಅವನು ಸ್ನಾನಕ್ಕೆ ಹೋದಾಗ, ಸುನಂದಾಬಾಯಿ ಎರಡನ್ನೂ ಹೊರತೆಗೆದು ಒರೆಸಿ, ಅವನ ಸ್ಕ್ರೂಡ್ರೈವರುಗಳ ಸಾಲಿನಲ್ಲಿಟ್ಟು ಪೂಜೆ ಮಾಡಿದ್ದಳು. ತಿರುಗಿ ಇಡುವಾಗ ಅವು ಅದಲುಬದಲಾಗಿ, ೨ರ ಚೀಟಿಯದು ಒಂದನೆಯ ಜಾಗಕ್ಕೆ, ೧ರದು ಎರಡನೆಯದಕ್ಕೆ ಹೋಗಿದ್ದವು. ಪೆಟ್ಟಿಗೆ ತಕರಾರಿಲ್ಲದೆ ನಡೆದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಗುರುಸಿದ್ಧಪ್ಪ ಡಿಸ್ಕನ್ನು ಎದೆಗವಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ.

ಸಂಜೆ ಮಾಧವನಗರದಿಂದ ಪ್ರಣಿತಾ ಬಂದಳು. ಅಜ್ಜಿಯ ಮಾತು ತುಂಬಿಕೊಂಡು ಹೋಗಲು ಪೆನ್ ಡ್ರೈವ್ ತಂದಿದ್ದಳು. ಎಲ್ಲ ಹೋಯಿತೆಂದು ಗುರುಸಿದ್ಧಪ್ಪ ಹೇಳಿದ. ಅವಳು ಪೆನ್ ಡ್ರೈವನ್ನು ಮೇಜಿನ ಮೇಲಿಟ್ಟಳು. ಆಮೇಲೆ ತಡವರಿಸುತ್ತ, ಮರಾಠಿ ಬಿಟ್ಟು ಕನ್ನಡದಲ್ಲೇ ಕೇಳಿದಳು.

“ಅಜ್ಜಾ, ಹಬ್ಬದಾಗ ಅಜ್ಜಿ ಅದನ್ನ ತಗದು ಪೂಜಾ ಮಾಡಿದ್ಲಲ್ಲ. ಆವಾಗ ಏನರ ಆತೇನು?”

“ಇಲ್ಲವಾ. ಆಕಿ ಹೆಂಗಿತ್ತೋ ಹಂಗ ಇಟ್ಟಿದ್ಲು. ತಪ್ಪು ನಂದ.”

ಅವಳು ನೀರು ತರಲು ಒಳಗೆ ಹೋದಾಗ ಗುರುಸಿದ್ಧಪ್ಪ ಎರಡೂ ಚೀಟಿಗಳನ್ನು ಹರಿಯದಂತೆ ಉಗುರಿನಿಂದ ಎಬ್ಬಿಸಿ, ಅಂಗಿಯ ಜೇಬಿನಲ್ಲಿಟ್ಟುಕೊಂಡ. ಇನ್ನು ಯಾರು ಬಂದು ನೋಡಿದರೂ, ಡಿಸ್ಕ್ ಅದಲುಬದಲಾಗಿತ್ತೆಂದು ಸುನಂದಾಬಾಯಿಯ ಹೆಸರೆತ್ತುವ ಹಾಗಿರಲಿಲ್ಲ.