ಗೌಡರ ರಿವಾಲ್ವರಿನ ಸೀಸ

ಸಾಲಿ ಬಿಟ್ಟ ಮೇಲೆ ಊರೂರು ತಿರುಗುತ್ತ ನಾನು ಕಲಿತ ಹತ್ತೆಂಟು ಕೆಲಸಗಳಲ್ಲಿ ಬಂದೂಕು ತಿಕ್ಕುವುದೂ ಒಂದು. ಹಾಗಾಗಿ ಚಿಗಳ್ಳಿಯ ಗೌಡರೊಬ್ಬರು ತಮ್ಮ ರಿವಾಲ್ವರ್ ತಿಕ್ಕಿಕೊಡಲು ಕರೆದರು. ನಾನು ಹೋದಾಗ ಅವರು ಪಡಸಾಲೆಯಲ್ಲಿ ಹೊಸ ಬೀಗರಿಗೆ, ಗೋವಿನಜೋಳದ ಹೊಲಕ್ಕೆ ನುಗ್ಗುವ ಹಂದಿಗಳನ್ನು ತಾವೊಬ್ಬರೇ ಗುಂಡು ಹಾರಿಸಿ ಓಡಿಸುವ ಕಥೆ ಹೇಳುತ್ತಿದ್ದರು.

ಗುಂಡು ತೆಗೆದಿಟ್ಟು ನಳಿಗೆಯನ್ನು ಬೆಳಕಿಗೆ ಹಿಡಿದೆ. ಒಳಗೆಲ್ಲ ಗುಂಡಿನ ಸೀಸ ಅಂಟಿ ಬೂದುಬಣ್ಣದ ಪದರವಾಗಿತ್ತು.

“ಗೌಡ್ರ, ಸೀಸ ಬಾಳ ಆಗೇತ್ರಿ.”

ಗೌಡರು ಬೀಗರತ್ತ ನೋಡಿ ದನಿ ತಗ್ಗಿಸಿದರು. “ಸೀಸೆ ಬಿಟ್ಟು ವರ್ಷ ಆತಪಾ. ನಿನಗ್ಯಾರು ಹೇಳಿದ್ರು?”

“ಬಾಟ್ಲಿ ಅಲ್ರೀ, ನಳಿಗಿಯೊಳಗಿನ ಸೀಸ. ಗುಂಡು ಹೊಡದ ಮ್ಯಾಲ ಏನ್ ಹಚ್ಚತೀರಿ?”

ಗೌಡರು ಮೀಸೆ ತಿರುವುತ್ತ ಕೂತರು. ಚಹಾ ತಂದ ಅವರ ಹೆಂಡತಿ ಅಲ್ಲೇ ನಿಂತರು.

“ಹೊಡದ ಮ್ಯಾಲ ನಾ ಕೊಬ್ಬರಿ ಎಣ್ಣಿ ಹಚ್ಚತೇನ್ರಿ. ನಡ್ಯೂದಿಲ್ಲೇನು?”

“ಇಲ್ರೀ ಅಕ್ಕಾರ. ಹೊಡದ ದಿನಾನ ಹಿತ್ತಾಳಿ ಬ್ರಶ್ ಹಾಕಿ ತಿಕ್ಕಿ, ಒರಸಿ, ಬಂದೂಕಿನ ಎಣ್ಣಿ ಹಚ್ಚಬೇಕು. ಅಂದ್ರ ಸೀಸ ಇಷ್ಟು ಕೂಡೂದಿಲ್ಲ.”

ಬೀಗರು ಚಹಾದ ಬಸಿಯನ್ನು ಕೆಳಗಿಟ್ಟರು. “ಅಂದ್ರ ಹೊಡಿಯೂದು ನೀವಾ? ಮತ್ತ ನಮ್ಮ ಬೀಗರು?”

“ಇವರು ಗುಂಡಿನ ಸಪ್ಪಳಕ್ಕ ಏಳೂದಿಲ್ರೀ. ಮಗ್ಗಲಾ ಬದಲಿ ಮಾಡಿ ಮಲಗ್ತಾರ.”

ಗೌಡರು ಎದ್ದು ನನ್ನ ಕೈಯ ಬ್ರಶ್ ಕಸಿದುಕೊಂಡರು. “ತಿಕ್ಕೂದು ಹೆಂಗ ಅಂತ ನನಗ ತೋರಸು. ಲೈಸೆನ್ಸ್ ನನ್ನ ಹೆಸರಲೆ ಐತಿ.”

ಅಷ್ಟು ಹುರುಪಿನಿಂದ ನಳಿಗೆ ತಿಕ್ಕಿದ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ. ನನಗೆ ಉಳಿದದ್ದು ಚಹಾ ಕುಡಿಯುವ ಕೆಲಸ ಮಾತ್ರ.