ಕೋಮಲವಲ್ಲಿ ಟೀಚರ್ ಕೊಳ್ಳಿಸಿದ ಷೇರು

ಬೇಲೂರಿನ ಕೋಮಲವಲ್ಲಿ ಮೂವತ್ತೆರಡು ವರ್ಷ ಹಳೇಬೀಡಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ತಂದೆ ದೇವಸ್ಥಾನದ ಅಡುಗೆಮನೆಯಲ್ಲಿ ಪ್ರಸಾದ ಮಾಡುತ್ತಿದ್ದರು. ಅಳತೆಯ ಶಿಸ್ತು ಮಗಳಿಗೆ ಅಲ್ಲಿಂದಲೇ ಬಂದದ್ದು. ಮದುವೆಯಾಗಲಿಲ್ಲ. ನಿವೃತ್ತಿಯಾದ ಮೇಲೆ ಅವರಿಗೆ ಹಿಡಿದ ಹುಚ್ಚು ಒಂದೇ, ಕಂಪನಿಗಳ ವಾರ್ಷಿಕ ವರದಿ ಓದುವುದು. ಅಕ್ಕಪಕ್ಕದವರು ಧಾರಾವಾಹಿ ನೋಡುವ ಹೊತ್ತಿನಲ್ಲಿ ಅವರು ವರದಿಯ ಕೊನೆಯ ಸಣ್ಣಕ್ಷರಗಳ ಕೆಳಗೆ ಪೆನ್ಸಿಲ್ ಗೆರೆ ಎಳೆಯುತ್ತಿದ್ದರು.

ಕೊರೊನಾ ಕಳೆದ ಮರುವರ್ಷ ಒಂದು ಪಂಪು ತಯಾರಿಸುವ ಕಂಪನಿ ಅವರ ಕಣ್ಣಿಗೆ ಬಿತ್ತು. ಕಾರ್ಖಾನೆಯ ಸಂಪಾದನೆ ವರ್ಷಕ್ಕೆ ಒಂಬತ್ತು ಕೋಟಿ, ಅದರಲ್ಲಿ ಏಳು ಕೋಟಿಗೂ ಮಿಕ್ಕಿ ಬಡ್ಡಿಗೇ ಹೋಗುತ್ತಿತ್ತು. ಕೊನೆಗೆ ಬ್ಯಾಂಕು ಸಾಲವನ್ನು ಬಿಟ್ಟುಕೊಟ್ಟು ಅದರ ಬದಲು ಎರಡು ಕೋಟಿ ಹೊಸ ಷೇರು ತೆಗೆದುಕೊಂಡಿತು. ಒಂದು ಕೋಟಿ ಇದ್ದ ಷೇರು ಮೂರು ಕೋಟಿಯಾಯಿತು. ತಮ್ಮ ಪಾಲು ಮೂರನೇ ಒಂದಕ್ಕಿಳಿಯಿತೆಂದು ಹೆದರಿ ಜನ ಬಂದ ಬೆಲೆಗೆ ಮಾರಿದರು. ನಲವತ್ತು ರೂಪಾಯಿಯ ಷೇರು ಹನ್ನೆರಡೂವರೆಗೆ ಇಳಿಯಿತು.

ಕೋಮಲವಲ್ಲಿ ಎರಡು ದಿನ ಕೂತು ಲೆಕ್ಕ ಹಾಕಿದರು. ಹಿಂದೆ ಒಂದು ಷೇರಿಗೆ ಎರಡು ರೂಪಾಯಿಯೂ ಲಾಭ ಉಳಿಯುತ್ತಿರಲಿಲ್ಲ. ಈಗ ಬಡ್ಡಿಯಿಲ್ಲ, ಮೂರು ಕೋಟಿಗೆ ಹಂಚಿದರೂ ಮೂರು ರೂಪಾಯಿ. ಪಾಲು ಚಿಕ್ಕದಾಗಿ ಕಂಡರೂ ಕೈಗೆ ಬರುವುದು ಹೆಚ್ಚಾಗಿತ್ತು. ಇಷ್ಟು ಸುಲಭದ ವಿಷಯ ಯಾರಿಗೂ ಕಾಣಲಿಲ್ಲವೇ ಎಂದು ಅವರಿಗೆ ಮೈ ಜುಮ್ಮೆಂದಿತು. ಅರಸೀಕೆರೆಯಲ್ಲಿ ಷೇರು ವ್ಯವಹಾರದ ಕಚೇರಿ ಇಟ್ಟುಕೊಂಡಿದ್ದ ನಟರಾಜ್ ಮೂಲಕ ತಮ್ಮ ಉಳಿತಾಯವನ್ನೆಲ್ಲ ಹಾಕಿದರು.

ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಹಳೇಬೀಡಿನ ಅದೇ ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದ ಹುಲಿಕೆರೆಯ ಗುರುಸಿದ್ದಮ್ಮ ಆ ವಾರ ಮನೆಗೆ ಬಂದಿದ್ದರು. ಎರಡೂ ಮಂಡಿ ಸವೆದು, ಹೊಸ್ತಿಲು ದಾಟುವುದೂ ಕಷ್ಟವಾಗಿತ್ತು. ಆಪರೇಷನ್ನಿಗೆಂದು ನಿವೃತ್ತಿಯ ಹಣದಲ್ಲಿ ಎರಡೂವರೆ ಲಕ್ಷ ತೆಗೆದಿಟ್ಟಿದ್ದರು, ಅದು ಸಾಲದು ಎಂದು ಡಾಕ್ಟರು ಹೇಳಿದ್ದರು. ಕೋಮಲವಲ್ಲಿ ಉತ್ಸಾಹದಲ್ಲಿ ಕಂಪನಿಯ ಕತೆ ಬಿಡಿಸಿ ಹೇಳಿದರು.

“ಅಂದ್ರೆ ಹೊಲ ಅಡವು ಇಟ್ಟಿತ್ತು. ಬೆಳೆಯೆಲ್ಲ ಬಡ್ಡಿಗೇ ಹೋಗ್ತಿತ್ತು. ಸಾಲ ಕೊಟ್ಟೋನು ಸಾಲ ಬಿಟ್ಟು ಹೊಲದಾಗೆ ಪಾಲು ತಗಂಡ. ಈಗ ನಮ್ ಪಾಲಿಂದು ನಮ್ಮನೆಗೇ ಬತ್ತದೆ. ಅಷ್ಟೇ ತಾನೇ ಮೇಡಮ್ಮೋರೇ?” ಎಂದರು ಗುರುಸಿದ್ದಮ್ಮ.

ಇಷ್ಟು ಚೆನ್ನಾಗಿ ಅರ್ಥಮಾಡಿಕೊಂಡ ವಿದ್ಯಾರ್ಥಿ ಕೋಮಲವಲ್ಲಿಗೆ ಸಿಕ್ಕಿದ್ದೇ ಅಪರೂಪ. ಮರುದಿನವೇ ಅರಸೀಕೆರೆಗೆ ಕರೆದುಕೊಂಡು ಹೋಗಿ ಖಾತೆ ಮಾಡಿಸಿ, ಇಪ್ಪತ್ತು ಸಾವಿರ ಷೇರು ಕೊಳ್ಳಿಸಿದರು.

ಒಂದೂವರೆ ವರ್ಷದಲ್ಲಿ ಬೆಲೆ ಹತ್ತೊಂಬತ್ತಾಯಿತು. ಗುರುಸಿದ್ದಮ್ಮ ಫೋನ್ ಮಾಡಿದರು. “ಸಾಕೇನೋ ಮೇಡಮ್ಮೋರೇ, ಮಾರ್ಬುಡಾನ?”

“ಇನ್ನೊಂದು ವರ್ಷ ತಡೀರಿ. ಮೂವತ್ತಕ್ಕೆ ಹೋಗತ್ತೆ. ನನ್ನ ಮಾತು ಕೇಳಿ.”

ಅವರು ಕೇಳಿದರು.

ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ, ಕಂಪನಿಯನ್ನು ಇನ್ನೂ ನಡೆಸುತ್ತಿದ್ದ ಹಳೆಯ ಮಾಲೀಕರು ತಮ್ಮ ಮನೆಯವರದೇ ಇನ್ನೊಂದು ಸಣ್ಣ ಕಂಪನಿಯನ್ನು ಇದರೊಳಗೆ ವಿಲೀನ ಮಾಡುವುದಾಗಿ ಪ್ರಕಟಿಸಿದರು. ವರ್ಷಕ್ಕೆ ಒಂದು ಕೋಟಿ ದುಡಿಯುವ ಆ ಕಂಪನಿಗೆ ಪ್ರತಿಯಾಗಿ ಅವರಿಗೆ ಸಿಗುವುದು ಒಂಬತ್ತು ಕೋಟಿ ಹೊಸ ಷೇರು. ಕೋಮಲವಲ್ಲಿ ಆ ಪ್ರಕಟಣೆಯನ್ನು ಮೂರು ಸಲ ಓದಿದರು. ಮೂರು ಕೋಟಿ ಷೇರು ಹನ್ನೆರಡು ಕೋಟಿಯಾಗಿ, ಷೇರಿಗೆ ಮೂರು ರೂಪಾಯಿ ಇದ್ದ ಲಾಭ ಒಂದು ರೂಪಾಯಿಗೂ ಕೆಳಗಿಳಿಯುತ್ತಿತ್ತು. ಸಾಲ, ಬಡ್ಡಿ, ಲಾಭ ಎಲ್ಲವನ್ನೂ ಅಳೆದಿದ್ದರು. ಮಾಲೀಕರು ಎಂಥವರೆಂದು ಒಮ್ಮೆಯೂ ವಿಚಾರಿಸಿರಲಿಲ್ಲ. ಷೇರುದಾರರ ಮತದಾನದಲ್ಲಿ ಮೊಬೈಲಿನಿಂದಲೇ ವಿರೋಧವಾಗಿ ವೋಟು ಹಾಕಿದರು. ಮೂರನೇ ಎರಡು ಪಾಲಿದ್ದ ಬ್ಯಾಂಕು, ತನ್ನ ಷೇರನ್ನು ಒಳ್ಳೆಯ ಬೆಲೆಗೆ ಕೊಳ್ಳುವ ಮಾತು ಮಾಲೀಕರಿಂದ ಪಡೆದು ಪರವಾಗಿ ಹಾಕಿತು, ನಿರ್ಣಯ ಪಾಸಾಯಿತು. ಷೇರು ನಾಲ್ಕು ರೂಪಾಯಿಗೆ ಬಂದು ನಿಂತಿತು.

ಕೋಮಲವಲ್ಲಿ ಎರಡು ವಾರ ಫೋನ್ ಎತ್ತದೆ ಇದ್ದು, ಆಮೇಲೆ ಹುಲಿಕೆರೆಗೆ ಹೋದರು. ಗುರುಸಿದ್ದಮ್ಮ ಗೋಡೆ ಹಿಡಿದು ಎದ್ದು ಮಜ್ಜಿಗೆ ತಂದುಕೊಟ್ಟರು. ಬೈಯಲಿಲ್ಲ.

“ಲೆಕ್ಕ ಎಲ್ಲಿ ತಪ್ತು ಮೇಡಮ್ಮೋರೇ?”

“ಲೆಕ್ಕ ತಪ್ಪಲಿಲ್ಲ ಗುರುಸಿದ್ದಮ್ಮ,” ಎಂದರು ಕೋಮಲವಲ್ಲಿ. ಹೇಳಿದ ಕೂಡಲೇ ನಾಚಿಕೆಯಾಯಿತು. ಚೀಲದಿಂದ ಒಂದು ಲಕ್ಷದ ಕಟ್ಟು ತೆಗೆದು ಚಾಪೆಯ ಮೇಲಿಟ್ಟರು. ಬಳೆ ಮಾರಿ ತಂದದ್ದು.

“ಎತ್ಕಳಿ ಅದ್ನ. ನಿಮ್ಮದೂ ಹೋಗೈತೆ ಅಂತ ನಂಗೊತ್ತು. ನಂದು ಇರಾದ್ನ ಮಾರ್ಸಿಕೊಡಿ, ಸಾಕು.” ಕಟ್ಟನ್ನು ಹಿಂದಕ್ಕೆ ತಳ್ಳಿ ಹೇಳಿದರು: “ಅವತ್ತೇ ಮಾರಾನ ಅಂದಿದ್ದೆ ನಾನು.”

ಎಂಬತ್ತು ಸಾವಿರ ಬಂತು. ಆಪರೇಷನ್ ಮಾತು ಮತ್ತೆ ಬರಲಿಲ್ಲ. ಗುರುಸಿದ್ದಮ್ಮ ಬೇಲೂರಿನ ಮನೆಗೂ ಬರಲಿಲ್ಲ. ಕೋಮಲವಲ್ಲಿ ವರದಿ ಓದುವುದನ್ನು ಬಿಟ್ಟರು. ಸಂಜೆ ಮನೆಪಾಠಕ್ಕೆ ಬರುತ್ತಿದ್ದ ಹುಡುಗಿಯರಾದ ಸ್ಪಂದನಾ, ಶ್ರೀಜಾರಿಗೂ ಬೇರೆ ಕಡೆ ನೋಡಿಕೊಳ್ಳಿರೆಂದು ಹೇಳಿ ಕಳಿಸಿದರು. ಬಾಗಿಲು ಹಾಕಿದ ಮನೆಯಲ್ಲಿ ಗಂಟೆಗಟ್ಟಲೆ ಸುಮ್ಮನೆ ಕೂತಿರುತ್ತಿದ್ದರು.

ಕಳೆದ ಶ್ರಾವಣದಲ್ಲಿ ತರಕಾರಿ ತರಲು ಹೋದಾಗ ಬೇಲೂರಿನ ಬಸ್ ನಿಲ್ದಾಣದಲ್ಲಿ ಗುರುಸಿದ್ದಮ್ಮ ಕಂಡರು. ಹಳೇಬೀಡಿನ ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲೆತ್ತಲು ಆಗದೆ ಸರಳು ಹಿಡಿದು ನಿಂತಿದ್ದರು. ಹಿಂದಿನವರು “ಬೇಗ ಹತ್ತಮ್ಮೋ” ಎನ್ನುತ್ತಿದ್ದರು. ಹತ್ತು ಹೆಜ್ಜೆಯ ದೂರ. ಹೋಗಿ ಕೈಕೊಡಬೇಕೆಂದು ಕೋಮಲವಲ್ಲಿಯ ಜೀವ ತುಡಿಯಿತು, ಕಾಲು ಬರಲಿಲ್ಲ. ಅಷ್ಟರಲ್ಲಿ ಕಂಡಕ್ಟರ್ ಕೆಳಗಿಳಿದು ತೋಳು ಹಿಡಿದು ಹತ್ತಿಸಿದ. ಬಸ್ಸು ಹೊರಟಿತು.